ಅವ್ವ ಕೂಗಿದ ‘ಬುಡು’

ನಮ್ಮ ದ್ರಾಕ್ಷಿ ಚಪ್ಪರದ ತಂತಿಯ ಮೇಲೆ ಉದ್ದನೆಯ ಎರಡು ಬಟ್ಟೆಪಟ್ಟಿಗಳು ಒಣಗುತ್ತಿವೆಯೆಂದರೆ ಮಲ್ಲಿಕಾ ರಜೆಗೆ ಬಂದಿದ್ದಾಳೆ ಎಂದೇ ಅರ್ಥ. ಗ್ಲೌಸಿನೊಳಗೆ ಬೆರಳ ಗಂಟುಗಳು ಜಖಂ ಆಗದಿರಲೆಂದು ಬಾಕ್ಸಿಂಗಿನವರು ಕೈಗೆ ಸುತ್ತಿಕೊಳ್ಳುವ ಪಟ್ಟಿಗಳವು. ಅದನ್ನರಿಯದವರು ದಾರಿಯಲ್ಲೇ ನಿಂತು, ‘ಯಾರ್ಗೆ ಏಟು ಬಿತ್ತು?’ ಎಂದು ಕೇಳುತ್ತಾರೆ. ಕೇಳಲಿ ಬಿಡಿ; ಈ ಕಾಮಯಗೌಂಡನ್‌ಪಟ್ಟಿಯಲ್ಲಿ ಅಷ್ಟುದ್ದದ ಬಟ್ಟೆಯನ್ನು ಗಾಯಕ್ಕಲ್ಲದೆ ಬೇರೆ ಯಾವುದಕ್ಕೆ ಸುತ್ತುತ್ತಾರೆ, ನೀವೇ ಹೇಳಿ.

ಮಲ್ಲಿಕಾ ಪಕ್ಕದ ಮನೆಯ ಹುಡುಗಿ. ಹೆಸರಿಟ್ಟವರು ಮಲ್ಲಿಗೆಯನ್ನು ನೆನೆದು ಇಟ್ಟರು, ಅವಳು ಮಲ್ಲರ ಕಡೆ ವಾಲಿದಳು. ಹಾಲುಹಲ್ಲು ಬೀಳುವ ಮೊದಲೇ ತಾಯಿ ತೀರಿಕೊಂಡಳು. ತಂದೆಗೆ ಸಿಟ್ಟು ಮೂಗಿನ ತುದಿಯಲ್ಲೇ, ಆ ಸಿಟ್ಟು ಇಳಿಯುತ್ತಿದ್ದುದು ಮಗುವಿನ ಬೆನ್ನ ಮೇಲೆ. ಅಡ್ಡ ಬರುತ್ತಿದ್ದವಳು ಅಜ್ಜಿಯೊಬ್ಬಳೇ, ಮಲ್ಲಿಕಾಳ ಬಾಯಲ್ಲಿ ‘ಅವ್ವ’. ‘ಬುಡೋ, ಮಗೀನ ಬುಡೋ!’ ಎಂಬ ಆ ಕೂಗು ಬೇಲಿ ದಾಟಿ ನಮ್ಮ ಅಡುಗೆಮನೆಗೂ ಬರುತ್ತಿತ್ತು. ಓಡಿಹೋಗಿ ಬಿಡಿಸುತ್ತಿದ್ದೆವು, ಮರುದಿನ ಮತ್ತೆ ಅದೇ ಕೂಗು. ಕೊನೆಗೆ ಆತ ಘಟ್ಟದ ಮೇಲಿನ ಏಲಕ್ಕಿ ತೋಟದ ಕೆಲಸಕ್ಕೆಂದು ಹೋದವನು ಹಿಂತಿರುಗಲಿಲ್ಲ.

ನಮ್ಮದು ತಮಿಳು ಸೀಮೆಯ ನಡುವೆ ತಲೆತಲಾಂತರದಿಂದ ಒಲೆಯ ಮುಂದೆ ಬೆಚ್ಚಗೆ ಉಳಿದುಕೊಂಡ ಕನ್ನಡ. ಮೈಸೂರಿನಲ್ಲಿ ಓದಿದ್ದರಿಂದ ನನಗೆ ಬರವಣಿಗೆಯೂ ದಕ್ಕಿತು. ಮಲ್ಲಿಕಾಳ ಓರಗೆಯವರಿಗೆ ಕನ್ನಡ ಕಿವಿಗೆ ಬಿದ್ದರೆ ತಿಳಿಯುತ್ತದೆ, ಬಾಯಿ ತೆರೆದರೆ ಬರುವುದು ತಮಿಳೇ. ಈ ಕನ್ನಡದಲ್ಲಿ ‘ಬಿಡು’ ಎಂಬುದು ‘ಬುಡು’ ಆಗಿ ಎಷ್ಟೊಂದು ಚಾಕರಿ ಮಾಡುತ್ತದೆ ನೋಡಿ. ತೋಟಕ್ಕೆ ನೀರು ಬುಡುತ್ತೇವೆ, ಹಟ ಬುಡು ಎನ್ನುತ್ತೇವೆ, ಬಳ್ಳಿ ಕಾಯಿ ಬುಡುತ್ತದೆ, ಕೆನ್ನೆಗೆ ಒಂದು ಬುಟ್ಟನೆಂದರೆ ಹೊಡೆದನೆಂದೂ ಆಯಿತು. ಹಿಡಿದದ್ದನ್ನು ಸಡಿಲಿಸುವುದಕ್ಕೂ ಬಿಗಿಮುಷ್ಟಿ ಬೀಸುವುದಕ್ಕೂ ಒಂದೇ ಮಾತು! ಇಂಥದ್ದನ್ನು ಬಾಕ್ಸಿಂಗ್ ರಿಂಗಿನ ಹತ್ತಿರ ಬಾಯಿಂದ ಬುಡಲೇಬಾರದು.

ಅವ್ವ ಆ ಮಾತು ಬುಟ್ಟಳು, ದಿಂಡಿಗಲ್ಲಿನಲ್ಲಿ. ಶಾಲೆಯ ಪಿ.ಟಿ. ಮೇಷ್ಟರು ಕಲಿಸಿದ ವಿದ್ಯೆ ಮಲ್ಲಿಕಾಳನ್ನು ಅಲ್ಲಿಯ ಪಂದ್ಯದವರೆಗೆ ಕರೆದುಕೊಂಡು ಹೋಗಿತ್ತು. ಗೆದ್ದರೆ ಕ್ರೀಡಾ ಹಾಸ್ಟೆಲಿನಲ್ಲಿ ಊಟ, ಓದು, ತರಬೇತಿ. ಸೋತರೆ ಓದು ಬಿಟ್ಟು ನೂಲಿನ ಮಿಲ್ಲು. ಅವ್ವನ ತಮ್ಮ ಮಿಲ್ಲಿನವರಿಗೆ ಆಗಲೇ ಮಾತು ಕೊಟ್ಟಿದ್ದ. ಅವರ ಜೊತೆಗೆ ನಾನೂ ಹೊರಟೆ. ಬಸ್ಸು ಪೆರಿಯಕುಳಂ ದಾಟುವಷ್ಟರಲ್ಲಿ ಅವ್ವ ತನಗೆ ಗೊತ್ತಿದ್ದ ದೇವರಿಗೆಲ್ಲ ಹರಕೆ ಹೊತ್ತು ಮುಗಿಸಿ, ಹುಳಿಯನ್ನದ ಗಂಟನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು.

ಎದುರಾಳಿ ಹುಡುಗಿ ಇವಳಿಗಿಂತ ಎತ್ತರ. ಕೊನೆಯ ಸುತ್ತಿನಲ್ಲಿ ಮಲ್ಲಿಕಾ ಹಗ್ಗಕ್ಕೆ ಒರಗಿ, ಮುಖ ಮುಚ್ಚಿಕೊಂಡು, ಏಟು ತಿನ್ನುತ್ತ ನಿಂತುಬಿಟ್ಟಳು. ಮೂಗಿನಿಂದ ರಕ್ತ. ನನಗೆ ಕಣ್ಣು ಮುಚ್ಚಿಕೊಳ್ಳುವಂತಾಯಿತು. ಆಗ ಅವ್ವ ಎದ್ದು ನಿಂತು, ಆ ಹಳೆಯ ಗಂಟಲಿನಲ್ಲೇ ಕೂಗಿದಳು: ‘ಬುಡು! ಬುಡು!’ ಮಲ್ಲಿಕಾ ಕತ್ತೆತ್ತಿದಳು. ಎಡಗೈಯಿಂದ ಒಂದು ಬಿಟ್ಟಳು ನೋಡಿ, ಎತ್ತರದ ಹುಡುಗಿ ತತ್ತರಿಸಿದಳು. ಅಲ್ಲಿಂದಾಚೆ ಇವಳ ಕೈ ನಿಲ್ಲಲೇ ಇಲ್ಲ. ರೆಫರಿ ಎತ್ತಿ ಹಿಡಿದದ್ದು ಮಲ್ಲಿಕಾಳ ಕೈಯನ್ನು.

ಬಸ್ಸಿನಲ್ಲಿ ಬರುವಾಗ ಗುಟ್ಟು ರಟ್ಟಾಯಿತು. ‘ನಾ ಮಲ್ಲಿಕಾಗೆ ಎಲ್ಲಿ ಯೋಳ್ದೆ? ಆ ಉದ್ದದ ಹೆಣ್ಗೆ ಯೋಳ್ದೆ, ಮಗೀನ ಬುಡು ಅಂತ,’ ಎಂದಳು ಅವ್ವ. ನಕ್ಕೂ ನಕ್ಕೂ ಹೊಟ್ಟೆ ಹುಣ್ಣಾಯಿತು. ಊರಿಗೆ ಊರೇ ಆಡಿಕೊಂಡಿತು: ಅವ್ವ ಬುಡು ಅಂದದ್ದು ಒಬ್ಬಳಿಗೆ, ಬುಟ್ಟವಳು ಇನ್ನೊಬ್ಬಳು! ಮೇಷ್ಟರ ಕೆಲಸ ಅವ್ವನಿಗೇ ಕೊಡಿಸಬೇಕೆಂದು ಚಾವಡಿಯಲ್ಲಿ ತೀರ್ಮಾನವೂ ಆಯಿತು.

ಅದರ ಜೊತೆಗೇ ಇನ್ನೊಂದು ಮಾತೂ ಹುಟ್ಟಿತು: ಪಟ್ಟ ಪಾಡೇ ಹುಡುಗಿಯನ್ನು ಗಟ್ಟಿ ಮಾಡಿತು, ದ್ರಾಕ್ಷಿ ಬಳ್ಳಿಯನ್ನು ಕತ್ತರಿಸಿದಷ್ಟೂ ಫಸಲು ಎಂದು. ನನಗೆ ಈ ಮಾತು ಕೇಳಿದರೆ ಮೈಯೆಲ್ಲ ಉರಿಯುತ್ತದೆ. ಬಳ್ಳಿಯನ್ನು ಕತ್ತರಿಸುವವನಿಗೆ ಹಣ್ಣಿನ ಆಸೆಯಿರುತ್ತದೆ, ಎಲ್ಲಿ ನಿಲ್ಲಿಸಬೇಕೆಂಬ ಎಚ್ಚರವಿರುತ್ತದೆ. ಆ ಮಗುವನ್ನು ಹೊಡೆದವನಿಗೆ ಯಾವ ಆಸೆಯಿತ್ತು, ಯಾವ ಎಚ್ಚರವಿತ್ತು? ಏಟಿನಿಂದ ಅವಳು ಗೆದ್ದಳೆನ್ನುವುದು ಹೊಡೆದವನಿಗೇ ಪದಕ ತೊಡಿಸಿದ ಹಾಗೆ. ನಾನು ಮೆಚ್ಚುವುದು ಅವಳನ್ನು, ಅವಳ ಗಾಯವನ್ನಲ್ಲ.

ಹಾಸ್ಟೆಲಿನಿಂದ ಮೊದಲ ಸಲ ರಜೆಗೆ ಬಂದಾಗ ಚಪ್ಪರದ ಕೆಳಗೆ ಪಟ್ಟಿ ಹಿಂಡುತ್ತಿದ್ದ ಅವಳನ್ನು ನಾನೂ ಛೇಡಿಸಿದೆ, ಅವ್ವನ ಮಾತು ತಪ್ಪು ತಿಳಿದು ಗೆದ್ದೆಯಲ್ಲೇ ಎಂದು. ಅವಳು ನಗಲಿಲ್ಲ. ತಮಿಳಿಗೆ ಹೋಗದೆ, ತಡವರಿಸುತ್ತ ಮನೆಮಾತಿನಲ್ಲೇ ಹೇಳಿದಳು: ‘ತಪ್ಪು ತಿಳೀಲಿಲ್ಲ ಅತ್ತೆ. ಅವ್ವ ಯಾರ್ಗೆ ಯೋಳ್ತಾಳೆ ಅಂತ ಆಗ್ಲೇ ಗೊತ್ತಾಯ್ತು. ಚಿಕ್ಕೋಳಿದ್ದಾಗ್ಲಿಂದ ಕೇಳ್ತಾನೇ ಇವ್ನಿ, ಬುಡು ಬುಡು ಅಂತ. ಯಾರು ಬುಟ್ರು? ಅದ್ಕೇ ನಾನೇ ಬುಟ್ಟೆ.’

ನಾನು ಪಟ್ಟಿಯ ಇನ್ನೊಂದು ತುದಿ ಹಿಡಿದು ತಂತಿಗೆ ಹಾಕಿದೆ. ಅವ್ವ ಅಲ್ಲೇ ಕೂತು ಒಣಗಿದ ದ್ರಾಕ್ಷಿ ಎಲೆಗಳನ್ನು ಗುಡ್ಡೆ ಮಾಡುತ್ತಿದ್ದಳು. ಮೊಮ್ಮಗಳ ಮಾತು ಕಿವಿಗೆ ಬಿತ್ತೋ ಇಲ್ಲವೋ ತಿಳಿಯದು. ಕೊಂಬೈ ಊರಿನ ಕಡೆಯವಳೊಬ್ಬಳು ದಾರಿಯಲ್ಲಿ ನಿಂತು, ತೂಗುವ ಪಟ್ಟಿಗಳನ್ನು ನೋಡಿ, ಯಾರಿಗೆ ಏಟು ಬಿತ್ತೆಂದು ಕೇಳಿದಳು.

ನಾನು ಬಾಯಿ ತೆರೆಯುವ ಮೊದಲೇ ಅವ್ವ ಎಲೆಯ ಗುಡ್ಡೆಯಿಂದ ತಲೆಯೆತ್ತಿ ಹೇಳಿದಳು: ‘ಯಾರ್ಗೂ ಏನೂ ಆಗಿಲ್ಲ, ಬುಡು.’