ಅಪ್ಪ ದಂಡೆಗೆ ಇಳಿಸಿದ ಜೀಪು

ಹಳೆಯ ಜೀಪನ್ನು ಇವತ್ತು ಗುಜರಿಯವನಿಗೆ ಕೊಡುವ ಮುನ್ನ ಸೀಟು ಕಿತ್ತೆ. ಕೆಳಗೆ ತುಕ್ಕಿನ ಜೊತೆ ಒಂದು ಹಿಡಿ ಮರಳು ಸಿಕ್ಕಿತು. ನಮ್ಮ ಸಿಂಧನೂರಿನ ಎರೆಮಣ್ಣಲ್ಲ, ಕಾರವಾರದ ಕಡೆಯದು.

ನಾನಾಗ ನಾಲ್ಕನೇ ಕ್ಲಾಸು. ಭತ್ತದ ಕೊಯ್ಲು ಮುಗಿಸಿ ಅಪ್ಪ ನಮ್ಮನ್ನು ಸಮುದ್ರ ನೋಡಲು ಕರೆದೊಯ್ದಿದ್ದ. ಘಟ್ಟ ಇಳಿದ ಮೇಲೆ ದಾರಿಯುದ್ದಕ್ಕೂ ಎಡಗಡೆ ನೀರೇ ನೀರು. ಒಂದು ಕಡೆ ಅಪ್ಪ ಜೀಪನ್ನು ನೇರ ದಂಡೆಗೆ ಇಳಿಸಿ, ಒದ್ದೆ ಮರಳಿನ ಮೇಲೆ ಮೈಲುದ್ದ ಓಡಿಸಿ, ನೀರಿನ ಪಕ್ಕದಲ್ಲೇ ನಿಲ್ಲಿಸಿದ.

"ಏನ್ರೀ, ನೀರು ಸಮೀಪ ಬರಾಕತ್ತಾವಲ್ಲ?" ಎಂದಳು ಅವ್ವ.

ಕಾಲುವೆಗೆ ಗೇಟು ಎತ್ತಿ ಪಾಳಿ ಪ್ರಕಾರ ನೀರು ಬಿಡುವುದನ್ನೇ ನೋಡಿ ಬೆಳೆದವನು ಅಪ್ಪ. "ಬಂದು ಹಿಂದಕ್ಕ ಹೋಗಾಕತ್ತಾವ ನೋಡು. ಇವತ್ತಿನ ಪಾಳಿ ಮುಗದೈತಿ, ನೀ ಬುತ್ತಿ ಬಿಚ್ಚು" ಎಂದ.

ರೊಟ್ಟಿ ಮುಗಿಯುವಷ್ಟರಲ್ಲಿ ಗಾಲಿಗಳು ಅರ್ಧ ಮುಳುಗಿದ್ದವು. ಮೀನುಗಾರರು ನಗುತ್ತಲೇ ಹಗ್ಗ ಕಟ್ಟಿ ಎಳೆದರು. ಆ ನಗುವಿಗೆ ನನಗೆ ಇನ್ನೂ ಸಿಟ್ಟಿದೆ.

ಮುಂದಿನ ವಾರ ಮಕ್ಕಳನ್ನು ಗೋಕರ್ಣಕ್ಕೆ ಕರೆದೊಯ್ಯುತ್ತಿದ್ದೇನೆ. ಆ ಮರಳನ್ನು ಅಪ್ಪನ ಅಂಗೈಗೆ ಸುರಿದೆ. ಬೆರಳಿನಿಂದ ತಿಕ್ಕಿ ನೋಡಿ, "ಕಾರು ಮ್ಯಾಲ ರಸ್ತೆದಾಗ ನಿಲ್ಸು. ಆ ನೀರಿಗೆ ಗೇಟಿಲ್ಲ" ಎಂದ.