ಸಮುದ್ರಕ್ಕೆ ಸೂತಕವಿಲ್ಲ

ಮಕ್ಕಳೇ, ವಿಮಾನಪುರದ ಮನೆಯಲ್ಲಿ ನಿಮ್ಮ ತಾತ ಗಾಜಿನ ತೊಟ್ಟಿಗೆ ಉಪ್ಪುನೀರು ತುಂಬಿ, ರಾಸ್ ಎಂಬ ಜಾತಿಯ ಒಂದು ಹಳದಿ ಸಮುದ್ರಮೀನು ಸಾಕಿದ್ದರು. ಹೆದರಿದರೆ ಅದು ತಳದ ಮರಳೊಳಗೆ ಹೂತುಕೊಳ್ಳುತ್ತಿತ್ತು. ತಾತ ತೀರಿಕೊಂಡ ದಿನ ಜನ ತುಂಬಿದಾಗಲೂ ಹಾಗೇ ಮಾಡಿತು.

ಸಾವಾದ ಮನೆಯಲ್ಲಿ ತುಂಬಿಟ್ಟ ನೀರು ಉಳಿಯಬಾರದು. ನನ್ನ ನಾದಿನಿ ಕೊಡ, ಬಕೆಟ್‌ಗಳನ್ನೆಲ್ಲ ಚೆಲ್ಲಿ ತೊಟ್ಟಿಯ ಹತ್ತಿರ ಬಂದಳು.

“ಇದನ್ನೂ ಚೆಲ್ಬಿಡೋಣ ಅತ್ತಿಗೆ. ಮೀನೂ ಕಾಣ್ತಿಲ್ಲ.”

“ಬೇಡಮ್ಮ, ಮರಳಲ್ಲಿದೆ. ಸಮುದ್ರದ ನೀರಿಗೆ ಸೂತಕ ಇಲ್ಲ,” ಎಂದೆ. ಅಳು ಬರಲಿಲ್ಲ. ಏನೂ ಅನಿಸಲಿಲ್ಲ.

“ನಲ್ಲಿ ನೀರಿಗೆ ಅಣ್ಣ ಉಪ್ಪು ಬೆರೆಸಿದ್ದು. ಯಾವ ಸಮುದ್ರ?” ಎಂದು ಗೊಣಗಿದಳು. ಆದರೆ ಬಿಟ್ಟಳು.

ಮೂರನೇ ದಿನ ಹಾಲುತುಪ್ಪದ ಕಾರ್ಯ ಮುಗಿಸಿ ಎಲ್ಲರೂ ಹೋದ ಮೇಲೆ ಮರಳು ಅಲುಗಿತು. ಮೀನು ಎದ್ದು, ತಾತ ತಿಂಡಿ ಹಾಕುತ್ತಿದ್ದ ಮೂಲೆಗೆ ಬಂದು ಕಾಯಿತು. ನಾನು ಹಾಕಿದೆ.

ನಿಮಗೆಂದು ಬರೆದ ಈ ಹಾಳೆಗಳನ್ನು ನೀರು ತಾಕದ ಕಡೆ ಇಡಿ.