ಡೊಂಕಿಲ್ಲದ ಕೋಲು

ರೋಣದಲ್ಲಿ ಒಬ್ಬ ವಕೀಲರ ಕಾರಕೂನರಾಗಿದ್ದ ಜಯತೀರ್ಥರಾಯರು ಚೀಲ ಹಿಡಿದು ಸಂತೆಗೆ ಬಂದರೆಂದರೆ ಬದನೆಕಾಯಿ ಮಾರುವವರು ಮುಖ ತಿರುಗಿಸುತ್ತಿದ್ದರು. ಎಳೆಯ ಕಾಯನ್ನೇ ಆರಿಸಿ ಹಿಡಿದು, ಮೂಗು ಮುರಿದು, "ಇದರಾಗ ಹುಳ ಅದ" ಎನ್ನುವುದು ಅವರ ಪದ್ಧತಿ. ಎಮ್ಮೆ ಕೊಳ್ಳುವಾಗ ಕುಂಟುತ್ತದೆ ಎಂದರು, ಕಂಬಳಿ ಕೊಳ್ಳುವಾಗ ನುಸಿ ಹಿಡಿದಿದೆ ಎಂದರು. ಬೇಕಾದದ್ದನ್ನು ಹಳಿದಷ್ಟೂ ಅಗ್ಗವಾಗುತ್ತದೆ ಎಂಬುದು ಅವರ ಲೆಕ್ಕ. ಅದನ್ನು ಸುಳ್ಳು ಎಂದು ಅವರು ತಿಳಿದಿರಲಿಲ್ಲ. ನಿಜ ಹೇಳಬೇಕೆಂದರೆ ನಾವೂ ತಿಳಿದಿರಲಿಲ್ಲ. ಸಂತೆಯ ಮಾತು ಸಂತೆಯಲ್ಲೇ ಸಾಯುತ್ತದೆ ಎಂದು ಊರೆಲ್ಲ ನಂಬಿದ್ದಾಗ ಅವರೊಬ್ಬರನ್ನು ದೂರುವುದು ಹೇಗೆ?

ಉಳಿದಂತೆ ರಾಯರು ಒಳ್ಳೆಯ ಮನುಷ್ಯ. ಎರಡು ಹೊತ್ತು ಸಂಧ್ಯಾವಂದನೆ, ಬೈಗುಳ ಬಾರದ ಬಾಯಿ, ಹೆಂಡತಿ ನರ್ಮದಾಬಾಯಿಯ ಮಾತಿಗೆ ತಲೆ ಅಲ್ಲಾಡಿಸುವ ಸ್ವಭಾವ. ಅವರಿಗಿದ್ದ ಹುಚ್ಚು ಒಂದೇ. ಊರಿನ ವಕೀಲರು, ಡಾಕ್ಟರು ಸಂಜೆ ಕೂಡುವ ಸಣ್ಣ ಕ್ಲಬ್ಬಿನಲ್ಲಿ ಒಂದು ಬಿಲಿಯರ್ಡ್ಸ್ ಮೇಜಿತ್ತು. ಹಸಿರು ಬಟ್ಟೆ ಹೊದಿಸಿದ ಆ ದೊಡ್ಡ ಮೇಜಿನ ಮೇಲೆ ಉದ್ದನೆಯ ಕೋಲಿನ ತುದಿಯಿಂದ ಚೆಂಡಿಗೆ ಹೊಡೆದು ಅಂಚಿನ ಚೀಲಕ್ಕೆ ಬೀಳಿಸುವ ಆಟ. ಮೊದಮೊದಲು ಕಾರಕೂನನಿಗೇಕೆ ಇದು ಎಂದು ನಕ್ಕವರೇ, ಅವರ ಕೈ ಕಂಡ ಮೇಲೆ ಕ್ಲಬ್ಬಿನ ಕೀಲಿಕೈಯನ್ನೂ ಅವರಿಗೆ ಒಪ್ಪಿಸಿದರು.

ಒಂದು ಮಳೆಗಾಲ ಗೆದ್ದಲು ಕ್ಲಬ್ಬಿನ ಕೋಲುಗಳನ್ನೆಲ್ಲ ತಿಂದು ಹಾಕಿತು. ಹೊಸದನ್ನು ಮುಂಬಯಿಯಿಂದ ತರಿಸಲು ಯಾರಿಗೂ ಮನಸ್ಸಿಲ್ಲ. ಆಗ ರಾಯರಿಗೆ ಗಿರವಿ ಅಂಗಡಿಗಳು ನೆನಪಾದವು. ಅದು ಐವತ್ನಾಲ್ಕನೇ ಇಸವಿ. ಸಂಸ್ಥಾನ, ಜಹಗೀರು ಎಲ್ಲ ಹೋಗಿ ಧಣಿಗಳ ದೊಡ್ಡಮನೆಗಳಾದ ವಾಡೆಗಳ ಸಾಮಾನು ಒಂದೊಂದಾಗಿ ಅಡವು ಬೀಳುತ್ತಿದ್ದ ಕಾಲ. ಗಡಿಯಾರಕ್ಕೆ, ಬೆಳ್ಳಿಯ ಅತ್ತರದಾನಿಗೆ ಗಿರಾಕಿಗಳಿದ್ದರು. ಬಿಲಿಯರ್ಡ್ಸ್ ಕೋಲು ಯಾವ ಕೆಲಸದ್ದು ಎಂದೇ ಅಂಗಡಿಯವರಿಗೆ ಗೊತ್ತಿರಲಿಲ್ಲ. ನರಗುಂದದ ಒಂದು ಅಂಗಡಿಯಲ್ಲಿ ಅದರ ಮೇಲೆ ಧೋತರ ಒಣಗಲು ಹಾಕಿದ್ದರು. ಇನ್ನೊಂದರಲ್ಲಿ ಅಟ್ಟದ ಬೆಕ್ಕನ್ನು ಓಡಿಸಲು ಇಟ್ಟುಕೊಂಡಿದ್ದರು. ರಾಯರು ಧೋತರದ ಕೋಲನ್ನೂ ಬೆಕ್ಕಿನ ಕೋಲನ್ನೂ ಸಾಕಷ್ಟು ಹಳಿದು, ಚೂರುಪಾರು ದುಡ್ಡಿಗೆ ತಂದರು. ಕ್ಲಬ್ಬಿನವರು ಶಹಬ್ಬಾಸ್ ಎಂದರು.

ಕೋಲಿನ ಪರೀಕ್ಷೆ ಅವರಿಗೆ ಕಲಿಸಿದವನು ನರೇಗಲ್ಲಿನ ದುರಗಪ್ಪ. ಗಜೇಂದ್ರಗಡದ ಕಡೆಯ ಒಂದು ವಾಡೆಯಲ್ಲಿ ಮೂವತ್ತು ವರ್ಷ ಬಿಲಿಯರ್ಡ್ಸ್ ಮೇಜು ನೋಡಿಕೊಂಡು, ಅತಿಥಿಗಳಿಗೆ ಕೋಲು ಆರಿಸಿಕೊಟ್ಟು, ಆಟದ ಅಂಕ ಹೇಳಿಕೊಂಡು ಇದ್ದವನು. ರೋಣದ ಕ್ಲಬ್ಬಿಗೆ ಮೇಜು ಬಂದಾಗ ಅದನ್ನು ಮಟ್ಟಮಾಡಿ ಕೂಡಿಸಲು ಅವನನ್ನೇ ಕರೆಸಿದ್ದರು.

"ಕಣ್ಣು ನಂಬಬ್ಯಾಡ್ರಿ ರಾಯರ," ಎಂದು ಆಗ ಅವನು ಹೇಳಿಕೊಟ್ಟಿದ್ದ. "ಮೇಜಿನ ಮ್ಯಾಲ ಉಳ್ಳಿಸಿ ಕಿವಿ ಕೊಡ್ರಿ. ಡೊಂಕ ಇದ್ದದ್ದು ಕುಂಟಿಕೋತ, ಟಕ್ ಟಕ್ ಅಂದಕೋತ ಹೊಕ್ಕೈತಿ. ನೆಟ್ಟಗಿದ್ದದ್ದು ಸುಮ್ನ ಹರದ ಹೋಗತೈತಿ."

ದಸರೆ ಮುಗಿದ ಮೇಲೆ ರಾಯರು ಗಜೇಂದ್ರಗಡದ ಗುಲಾಬಚಂದ ಶೇಠರ ಗಿರವಿ ಅಂಗಡಿಗೆ ಹೋದರು. ಮೂಲೆಯಲ್ಲಿ ಛತ್ರಿಗಳ ನಡುವೆ ಒಂದು ಕೋಲು ನಿಂತಿತ್ತು. ಹಿಡಿಯ ಕಡೆ ಕರಿಮರ, ಅದರೊಳಗಿಂದ ಬಿಳಿಮರಕ್ಕೆ ನಾಲ್ಕು ಚೂಪಾದ ಎಸಳು. ಕೈಗೆ ತೆಗೆದುಕೊಂಡ ಕೂಡಲೇ ರಾಯರಿಗೆ ಇದು ಬೇರೆಯ ಜಾತಿ ಎಂದು ಗೊತ್ತಾಯಿತು. ಗಲ್ಲಾದ ಹಲಗೆಯ ಮೇಲೆ ಮೆಲ್ಲಗೆ ಉರುಳಿಸಿದರು. ಸದ್ದೇ ಇಲ್ಲದೆ ಹರಿದುಹೋಯಿತು. ಅವರ ಮನಸ್ಸು ಅಲ್ಲೇ ಸೋತಿತು, ನಾಲಿಗೆ ಮಾತ್ರ ರೂಢಿ ಬಿಡಲಿಲ್ಲ. ಎರಡನೆಯ ಸಲ ಉರುಳಿಸುವಾಗ ಹೆಬ್ಬೆರಳನ್ನು ತುಸು ಅಡ್ಡ ಇಟ್ಟರು. ಕೋಲು ಮುಗ್ಗರಿಸಿತು.

"ಕೇಳಿದ್ರೇನು ಶೇಠಜಿ? ಡೊಂಕ ಅದ. ಒಲಿಗೆ ಹಾಕಲಿಕ್ಕೆ ಅಡ್ಡಿಯಿಲ್ಲ."

ಶೇಠರು ನಿಧಾನದ ಮನುಷ್ಯ. "ಇರಬಹುದು. ಆದ್ರ ಇಟ್ಟಾಂವಗ ದೀಪಾವಳಿ ಪಾಡ್ಯದ ತನಕಾ ಹಕ್ಕದರೀ. ಬಿಡಿಸಿಕೊಳ್ಳಲಿಲ್ಲಂದ್ರ ನಿಮಗ ಕೊಡ್ತೀನಿ," ಎಂದರು.

ಪಾಡ್ಯ ಕಳೆದ ಮರುದಿನವೇ ರಾಯರು ಬಸ್ಸು ಹತ್ತಿದರು. ಕೋಲು ಅಲ್ಲೇ ಇತ್ತು.

"ಪಾಪ, ಬಂದಿದ್ದ ರೀ ಆ ಮನಷಾ, ರೊಕ್ಕ ಜೋಡಿಸಿಕೊಂಡು," ಎಂದರು ಶೇಠರು. "ನರೇಗಲ್ಲಿನ ದುರಗಪ್ಪ ಅಂತ. ಡೊಂಕ ಸಾಮಾನಕ್ಕ ರೊಕ್ಕ ಯಾಕ ಕಳಕೊಳ್ತಾನ ಅಂತ ನಾನಽ ಹೇಳಿದೆ, ರೋಣದ ಜಯತೀರ್ಥರಾಯರು ನೋಡ್ಯಾರ, ಡೊಂಕ ಅಂದ್ರು ಅಂತ. ಕೋಲು ಹಿಡಕೊಂಡು ಭಾಳ ಹೊತ್ತು ನಿಂತ. ರಾಯರು ಅಂದಿದ್ರ ಖರೇನ ಇರಬೇಕು ಅಂದು, ಉರುಳಿಸಿ ಸುದ್ದಾ ನೋಡದ ಇಟ್ಟು ಹೋದ."

ಬರುವ ಬಡ್ಡಿಯನ್ನೂ ಬಿಟ್ಟು, ತಾವು ಸತ್ಯವೆಂದು ನಂಬಿದ್ದನ್ನು ಹೇಳಿದವರು ಶೇಠರು. ಸುಳ್ಳು ಹೇಳಿದವರು ಬದಿಯಲ್ಲಿ ನಿಂತು ಬೆವರುತ್ತಿದ್ದರು. ಬಾಯಿಬಿಡಲು ಅದೇ ಸಮಯ. ಮರಳುವ ದಾರಿಯಲ್ಲಿ ನರೇಗಲ್ಲಿನಲ್ಲಿ ಇಳಿದು ಮನೆ ವಿಚಾರಿಸಿದರೂ ಆಗುತ್ತಿತ್ತು. ರಾಯರು ಎರಡೂ ಮಾಡಲಿಲ್ಲ. ಒಲೆಗೆ ಹಾಕುವ ಸೌದೆಯ ಬೆಲೆಗೆ ಕೋಲು ಕೊಂಡರು. ಬಸ್ಸು ನರೇಗಲ್ಲಿನಲ್ಲಿ ನಿಂತಾಗ ಕಿಟಕಿಯಿಂದ ಆಚೆ ನೋಡದೆ ಕಣ್ಣುಮುಚ್ಚಿ ಕುಳಿತರು. ಇದನ್ನು ಬರೆಯುವಾಗ ನನಗೆ ಅವರ ಮೇಲೆ ಸಿಟ್ಟು ಬರುತ್ತದೆ. ಅಂಥ ಕೋಲು ಕೈಗೆ ಬಂದಿದ್ದರೆ ನಾನೇನು ಮಾಡುತ್ತಿದ್ದೆ ಎಂದು ಕೇಳಿಕೊಂಡಾಗ ಸಿಟ್ಟು ಇಳಿಯುತ್ತದೆ.

ಆ ಕೋಲಿನಿಂದ ರಾಯರು ಆಡಿದ ಆಟವೇ ಆಟ. ವಕೀಲರನ್ನು ಸೋಲಿಸಿದರು, ಡಾಕ್ಟರನ್ನು ಸೋಲಿಸಿದರು. "ಎಂಥಾ ಕೋಲು ಹುಡಕೀರಿ ಮಾರಾಯರ!" ಎಂದು ಎಲ್ಲರೂ ಕೊಂಡಾಡುವಾಗ ಮಾತ್ರ ಅವರ ಮುಖ ಸಣ್ಣದಾಗುತ್ತಿತ್ತು. ಮನೆಯಲ್ಲಿ ಊಟ ರುಚಿಸುತ್ತಿರಲಿಲ್ಲ. ಸಂಧ್ಯಾವಂದನೆಗೆ ಕುಳಿತರೆ ಹಲಗೆಯ ಮೇಲೆ ಹೆಬ್ಬೆರಳು ಅಡ್ಡ ಇಟ್ಟದ್ದು ಕಣ್ಣಮುಂದೆ ಬರುತ್ತಿತ್ತು. ಈ ಭಾನುವಾರ ನರೇಗಲ್ಲಿಗೆ ಹೋಗೋಣ, ಬರುವ ಭಾನುವಾರ ಹೋಗೋಣ ಎನ್ನುತ್ತ ಸಂಕ್ರಾಂತಿಯೂ ಕಳೆಯಿತು.

ಕೊನೆಗೆ ದುರಗಪ್ಪನೇ ಬಂದ. ಒಂದು ಸಂಜೆ ಕ್ಲಬ್ಬಿಗೆ ಇನ್ನೂ ಯಾರೂ ಬಂದಿರಲಿಲ್ಲ. ರಾಯರು ಒಬ್ಬರೇ ಮೇಜಿಗೆ ಬಾಗಿ ಆಡುತ್ತಿದ್ದಾಗ ಬಾಗಿಲಲ್ಲಿ ನೆರಳು ಕಂಡಿತು.

"ಯಾರದಾರ್ರಿ ಒಳಗ? ರಾಯರೇನ್ರಿ?"

ರಾಯರು ಗಾಬರಿಯಾಗಿ ಕೋಲನ್ನು ಕಪಾಟಿನ ಹಿಂದೆ ಸರಿಸಿದರು. ದುರಗಪ್ಪ ಗೋಡೆ ತಡವುತ್ತ ಒಳಗೆ ಬಂದ. ಎರಡೂ ಕಣ್ಣು ಪೊರೆ ಬಂದು ಬೆಳ್ಳಗಾಗಿದ್ದವು. ಕಾಣದವನಿಂದ ತಾವು ಕೋಲು ಅಡಗಿಸಿದ್ದು ರಾಯರಿಗೆ ಹೊಳೆಯಿತು, ನಾಚಿಕೆಯಿಂದ ಮೈಯೆಲ್ಲ ಹಿಡಿಯಷ್ಟಾಯಿತು.

"ಕಣ್ಣ ತೋರಸಾಕ ದವಾಖಾನಿಗೆ ಬಂದಿದ್ದೆ. ಮೇಜಿಗೆ ಒಮ್ಮೆ ಕೈಹಚ್ಚಿ ಹೋಗೂಣಂತ ಬಂದೆ," ಎಂದು ದುರಗಪ್ಪ ಹಸಿರು ಬಟ್ಟೆಯನ್ನು ಸವರಿದ. ಹೆಂಡತಿ ಹೊಳೆವ್ವ ಗಂಟು ಹಿಡಿದುಕೊಂಡು ಹೊರಗೆ ಕಟ್ಟೆಯ ಮೇಲೆ ಕುಳಿತಿದ್ದಳು. ಒಳಗೆ ಬಾ ಎಂದರೂ ಬಂದಿರಲಿಲ್ಲ.

ಬಟ್ಟೆ ಸವರುತ್ತಲೇ ದುರಗಪ್ಪ ಹೇಳಿದ: "ನನ್ನ ಕೋಲು ನೀವು ನೋಡಿದ್ರೆಂತ. ಚಲೋ ಆತು, ಇಲ್ಲಾಂದ್ರ ನನಗ ತಿಳೀತಿರಲಿಲ್ಲ. ನಮ್ಮ ಧಣಿ, ಸರಕಾರ್ರು, ವಾಡೆ ಬಿಡೂ ಮುಂದ ತಮ್ಮ ಕೋಲು ನನ್ನ ಕೈಯಾಗ ಕೊಟ್ಟು, ಇದು ನಿನಗಽ ತಕ್ಕದ್ದು ಅಂದಿದ್ರು. ಡೊಂಕ ಕೋಲು! ನನಗ ತಕ್ಕದ್ದು ಅದಽ ಏನೋ. ಅದಿರಲಿ ಬಿಡ್ರಿ. ಆದ್ರ ವಾಡೇಕ ಬಂದಾವರಿಗೆಲ್ಲಾ ಕೋಲು ಆರಿಸಿ ಕೊಡಾಂವ ನಾನಽ. ನನ್ನ ಕೋಲಽ ಡೊಂಕಂತ ತಿಳೀಲಿಲ್ಲ ಅಂದಮ್ಯಾಲ, ಎಷ್ಟ ಮಂದಿಗೆ ಡೊಂಕ ಕೊಟ್ಟಿರಬೇಕು ನಾನು? ಮೂವತ್ತ ವರ್ಷದ ಕೂಳು ಪುಕ್ಕಟ ತಿಂದಂಗಾತು."

ರಾಯರಿಗೆ ತಡೆಯಲಾಗಲಿಲ್ಲ. ಕಪಾಟಿನ ಹಿಂದಿನಿಂದ ಕೋಲು ತಂದು ಅವನ ಎದುರಿಗೆ ಮೇಜಿನ ಮೇಲೆ ಉರುಳಿಸಿದರು.

ದುರಗಪ್ಪ ಬಾಗಿ ಮೇಜಿಗೆ ಕಿವಿ ಹಚ್ಚಿದ. ಕೋಲು ಸದ್ದಿಲ್ಲದೆ ಹರಿದು ಆಚೆಯ ಅಂಚು ಮುಟ್ಟಿ ನಿಂತಿತು. "ಇನ್ನೊಮ್ಮೆ," ಎಂದ. ರಾಯರು ಇನ್ನೊಮ್ಮೆ ಉರುಳಿಸಿದರು. ಅವನು ಕೈಚಾಚಿ ಕೋಲಿನ ಹಿಡಿಯನ್ನು ಮುಟ್ಟಿ, ಕರಿಮರದ ನಾಲ್ಕು ಎಸಳನ್ನೂ ಬೆರಳಿನಿಂದ ಸವರಿದ. ಮುಖ ಅರಳಿತು. ಆಮೇಲೆ ಆ ಮುಖ ನಿಧಾನವಾಗಿ ರಾಯರ ಕಡೆ ತಿರುಗಿತು. ಎಲ್ಲವೂ ಅವನಿಗೆ ತಿಳಿದಿತ್ತು. ಬಯ್ಯಲಿ, ಒಂದು ಏಟು ಹೊಡೆಯಲಿ ಎಂದು ರಾಯರು ತಲೆತಗ್ಗಿಸಿ ಕಾದರು.

"ರಾಯರ," ಎಂದ ದುರಗಪ್ಪ ಸಣ್ಣ ದನಿಯಲ್ಲಿ, "ಇದನ್ನ ನಮ್ಮಾಕಿ ಮುಂದ ಒಂದೀಟು ಹೇಳ್ರಿ. ಆಕಿ ಮುಂದ ಭಾಳ ಸಣ್ಣಾಂವ ಆಗೇನಿ."

ಇಬ್ಬರೂ ಹೊರಗೆ ಬಂದರು. ಹೊಳೆವ್ವ ಸೆರಗು ಸರಿಮಾಡಿಕೊಂಡು ಎದ್ದು ನಿಂತಳು.

"ಕೋಲು ನೆಟ್ಟಗದವಾ," ಎಂದರು ರಾಯರು. "ಇದರಷ್ಟು ನೆಟ್ಟಗಿದ್ದ ಕೋಲು ನಾ ನೋಡೇ ಇಲ್ಲ. ಇದು ನಿಮ್ಮದಽ, ತೊಗೊಂಡು ಹೋಗ್ರಿ. ರೊಕ್ಕದ ಮಾತು ಬ್ಯಾಡ."

ಹೊಳೆವ್ವ ಗಂಡನ ಮುಖ ನೋಡಿದಳು, ಕೋಲು ನೋಡಿದಳು. "ನಾ ಅಂದಿದ್ದಿಲ್ಲೇನು?" ಎನ್ನುತ್ತಿದ್ದಂತೆ ಅವಳ ಕಣ್ಣು ತುಂಬಿದವು. "ದೀಪಾವಳಿಯಿಂದ ಈ ಮನಷಾ ಹೊಟ್ಟಿತುಂಬ ಉಂಡಿಲ್ರೀ ಸಾಹೇಬ್ರ. ಡೊಂಕ ಅಂದಾಂವ ಯಾಂವ, ಹೆಸರಽ ಹೇಳವಲ್ಲ. ಅವನ ನಾಲಿಗಿಗೆ ಹುಳ ಬೀಳಲಿ!"

"ನಾನಽ" ಎನ್ನಲು ರಾಯರು ಬಾಯಿ ತೆರೆದರು. ಅಷ್ಟರಲ್ಲಿ ದುರಗಪ್ಪ ಹೆಂಡತಿಯ ಹೆಗಲ ಮೇಲೆ ಕೈಯಿಟ್ಟ.

"ಬೈಬ್ಯಾಡ ಬಿಡ. ಯಾರೋ ತಿಳೀಲಾರದವ ಅಂದಿದ್ದ," ಎಂದ.

ತೆರೆದ ಬಾಯಿ ಮುಚ್ಚಿತು. ಬೇಡ ಬೇಡ ಎಂದು ರಾಯರು ಹಿಂದೆ ಸರಿಯುವಷ್ಟರಲ್ಲಿ ಹೊಳೆವ್ವ ಬಗ್ಗಿ ಅವರ ಪಾದ ಮುಟ್ಟಿ ನಮಸ್ಕರಿಸಿದಳು. ಗಂಡಹೆಂಡಿರು ಬಸ್ಸಿನ ಕಡೆ ನಡೆದರು. ದಾರಿ ಕಾಣದವನಿಗೆ ಊರಲು ಒಂದು ಕೋಲು ಬೇಕಿತ್ತು, ಆದರೂ ದುರಗಪ್ಪ ಆ ಕೋಲನ್ನು ನೆಲಕ್ಕೆ ತಾಗಿಸದೆ ಹೆಗಲ ಮೇಲಿಟ್ಟುಕೊಂಡಿದ್ದ.

ಆ ಸಂಜೆ ಕ್ಲಬ್ಬಿನವರು ಕೋಲೆಲ್ಲಿ ಎಂದು ಕೇಳಿದಾಗ, ಅದರ ಒಡೆಯರಿಗೆ ಹೋಯಿತು ಎಂದಷ್ಟೇ ಹೇಳಿ ರಾಯರು ದೀಪ ಹಚ್ಚಿದರು. ಮುಂದೆ ಅವರು ಬದುಕಿದ್ದಷ್ಟು ಕಾಲ ಸಂತೆಯಲ್ಲಿ ಚೌಕಾಶಿ ಮಾಡಿದ್ದನ್ನು ನಾವು ಕಾಣಲಿಲ್ಲ. ಬದನೆಕಾಯಿಯವರು ಈಗ ಅವರನ್ನು ಕೂಗಿ ಕರೆಯುತ್ತಿದ್ದರು. ನರ್ಮದಾಬಾಯಿ ಮನೆಯಲ್ಲಿ ಹಣೆ ಚಚ್ಚಿಕೊಳ್ಳುತ್ತಿದ್ದರು. ಕ್ಲಬ್ಬಿಗೆ ಯಾರಾದರೂ ಕೋಲು ತಂದು, "ನೆಟ್ಟಗದ ಏನು ನೋಡ್ರಿ, ನಿಮ್ಮಷ್ಟು ತಿಳಿದವರು ಯಾರಿದ್ದಾರ?" ಎಂದರೆ ಕೈ ಹಿಂದೆ ಕಟ್ಟಿಕೊಳ್ಳುತ್ತಿದ್ದರು.

"ನನಗ ತಿಳಿಯೂದಿಲ್ಲ," ಎನ್ನುತ್ತಿದ್ದರು. ದೊಡ್ಡವರ ವಿನಯ ಎಂದು ನಾವು ಬಹಳ ವರ್ಷ ಅವರನ್ನು ಹೊಗಳಿದೆವು.